ತೀರಿಕೊಂಡ ಅರ್ಜಿದಾರಳ ವಿವರಣೆ

ಶಾಶ್ವತ ವಾಸದ ಅರ್ಜಿಗಳನ್ನು ಪರಿಶೀಲಿಸುವ ವಿದೇಶಿ ಕಚೇರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಸತ್ತಿದ್ದೇನೆಂದು ಕಳೆದ ತಿಂಗಳು ತಾವು ನನಗೇ ಪತ್ರ ಬರೆದು ತಿಳಿಸಿದ್ದೀರಿ. ‘ಅರ್ಜಿದಾರಳು ಸಲ್ಲಿಸಿದ ಕುವೈತ್‌ನ ಜನನ ಪ್ರಮಾಣಪತ್ರವನ್ನು ಅಲ್ಲಿನ ನೋಂದಣಿಯೊಂದಿಗೆ ತಾಳೆ ನೋಡಲಾಗಿದ್ದು, ಸದರಿ ವ್ಯಕ್ತಿ 1990ರ ಜುಲೈ 11ರಂದು ಮರಣ ಹೊಂದಿರುವುದು ಕಂಡುಬಂದಿದೆ. ಮರಣ ಮತ್ತು ದಫನದ ದಾಖಲೆಯ ಪ್ರತಿ ನಮ್ಮ ಕಡತದಲ್ಲಿದೆ. ಮೂವತ್ತು ದಿನಗಳೊಳಗೆ ವಿವರಣೆ ನೀಡತಕ್ಕದ್ದು’ ಎಂದಿದ್ದೀರಿ. ಸತ್ತವಳಿಗೂ ಮೂವತ್ತು ದಿನಗಳ ಕಾಲಾವಕಾಶ ಕೊಟ್ಟ ತಮ್ಮ ಉದಾರತೆಗೆ ವಂದನೆಗಳು. ಆದರೆ ನಿಮ್ಮ ಪೋರ್ಟಲ್‌ನಲ್ಲಿ ವಿವರಣೆ ಬರೆಯುವ ಚೌಕ ಐನೂರು ಅಕ್ಷರ ಮಾತ್ರ ಹಿಡಿಯುತ್ತದೆ. ನನ್ನ ಸಾವು ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಭಾಷೆ ಕನ್ನಡ. ನನ್ನ ಒಂದೊಂದು ಕಾಗದಕ್ಕೂ ಅಧಿಕೃತ ಅನುವಾದ, ಅದಕ್ಕೊಂದು ಮೊಹರು, ಆ ಮೊಹರಿಗೆ ಇನ್ನೊಂದು ಮೊಹರು ಕೇಳಿದವರು ನೀವು. ಇದೊಂದರ ಅನುವಾದವನ್ನು ನೀವೇ ಮಾಡಿಸಿಕೊಳ್ಳಿ.

ನಾನು ಭದ್ರಾವತಿಯ ನ್ಯೂ ಟೌನ್‌ನಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಸವಳಂಗ ರಸ್ತೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ನನ್ನ ಗಂಡ ಜಮ್ಶೀದ್ ನಿಮ್ಮ ದೇಶದಲ್ಲಿ ಲಾರಿ ಮೆಕ್ಯಾನಿಕ್. ಅವರ ವಾಸ ಶಾಶ್ವತವಾಗಿ ಎರಡು ವರ್ಷವಾಯಿತು. ನನ್ನದು ನಿಮ್ಮ ಮೇಜಿನ ಮೇಲಿದೆ. ಲ್ಯಾಬಿಗೆ ಸೇರಿದ ದಿನ ನನಗೆ ಮೊದಲು ಹೇಳಿಕೊಟ್ಟದ್ದು ಏನು ಗೊತ್ತೇ? ಒಂದೇ ಹೆಸರಿನ ಇಬ್ಬರು ಬಂದರೆ ಟ್ಯೂಬಿನ ಮೇಲೆ ವಯಸ್ಸು, ತಂದೆಯ ಹೆಸರು ಎರಡನ್ನೂ ಬರೆಯಬೇಕು, ಇಲ್ಲದಿದ್ದರೆ ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಹೋಗುತ್ತದೆ. ನನ್ನ ಮನೆಯ ಇಬ್ಬರಿಗೆ ಹೆಸರೂ ಒಂದೇ, ತಂದೆಯೂ ಒಬ್ಬರೇ, ಕಾಗದದಲ್ಲಿ ವಯಸ್ಸೂ ಒಂದೇ.

ವಿವರಣೆ ಇದು. ನನ್ನ ಅಬ್ಬಾ, ಅಬ್ಬಾಸ್ ಅಲಿ, ಕುವೈತ್‌ನ ಒಂದು ಗ್ಯಾರೇಜಿನಲ್ಲಿ ವೆಲ್ಡರ್ ಆಗಿದ್ದರು. ಅಮ್ಮಿ, ಖುರ್ಷಿದ್ ಬೇಗಂ, ಅವರ ಜೊತೆಗಿದ್ದರು. 1989ರ ಡಿಸೆಂಬರಿನಲ್ಲಿ ಅವರಿಗೆ ಅಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅತೀಕಾ ಎಂದು ಹೆಸರಿಟ್ಟರು. ಏಳನೇ ತಿಂಗಳಲ್ಲಿ ಜ್ವರ ಬಂತು, ಮೂರೇ ದಿನ, ತೀರಿಕೊಂಡಿತು. ನಮ್ಮ ಮನೆತನದಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವ ಪದ್ಧತಿಯಿಲ್ಲ. ಅಬ್ಬಾ ಮಗುವನ್ನು ತೋಳಿನಲ್ಲಿ ಎತ್ತಿಕೊಂಡು ಇಳಿದುಹೋದರು. ಅಮ್ಮಿ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ದಿನ ಕರೆದುಕೊಂಡು ಹೋಗಿ ಹೊರಗಿನಿಂದಲಾದರೂ ತೋರಿಸುತ್ತೇನೆ ಎಂದಿದ್ದರಂತೆ ಅಬ್ಬಾ. ಮರಣದ ಕಾಗದವನ್ನೂ ಆಮೇಲೆ ತಂದರಾಯಿತು ಎಂದುಕೊಂಡಿದ್ದರು. ಇಪ್ಪತ್ತೆರಡನೇ ದಿನ ಇರಾಕಿನ ಟ್ಯಾಂಕುಗಳು ಬಂದವು. ಮರಳುಗಾಡು ದಾಟಿ, ಅಮ್ಮಾನ್‌ನಿಂದ ವಿಮಾನ ಹತ್ತಿ ಇಬ್ಬರೂ ಊರು ಸೇರಿದಾಗ ಅಮ್ಮಿಯ ಕುಪ್ಪಸದೊಳಗೆ ಒಂದೇ ಒಂದು ಕಾಗದವಿತ್ತು: ಮಗು ಹುಟ್ಟಿದ್ದರ ಪ್ರಮಾಣಪತ್ರ. ಸತ್ತದ್ದರ ಕಾಗದ ಅವರ ಬಳಿ ಎಂದೂ ಇರಲಿಲ್ಲ.

ಮರುವರ್ಷ ಸೆಪ್ಟೆಂಬರಿನಲ್ಲಿ ನಾನು ಹುಟ್ಟಿದೆ, ಭದ್ರಾವತಿಯಲ್ಲಿ, ಮನೆಯಲ್ಲೇ. ಹೋದ ಮಗುವಿನ ಹೆಸರನ್ನೇ ನನಗಿಟ್ಟರು. ಪ್ರೀತಿಯಿಂದ ಇಟ್ಟದ್ದು ಮಾನ್ಯರೇ, ವಂಚನೆಯಿಂದಲ್ಲ. ನನ್ನ ಜನನವನ್ನು ಯಾರೂ ಎಲ್ಲೂ ಬರೆಸಲಿಲ್ಲ. ಐದು ತುಂಬುವ ಮೊದಲೇ ಅಬ್ಬಾ ನನ್ನನ್ನು ಶಾಲೆಗೆ ಕರೆದುಕೊಂಡು ಹೋದರು. “ವಯಸ್ಸು ಸಾಲಲ್ಲ ಅಬ್ಬಾಸಣ್ಣ, ಮುಂದಿನ ವರ್ಷ ಕರ್ಕೊಂಡ್ ಬನ್ನಿ. ಏನಾದ್ರೂ ಸರ್ಟಿಫಿಕೇಟ್ ಇದ್ರೆ ತನ್ನಿ, ನೋಡೋಣ” ಎಂದರು ವಸಂತಮ್ಮ ಮೇಡಂ. ಮನೆಯಲ್ಲಿದ್ದ ಸರ್ಟಿಫಿಕೇಟ್ ಅದೊಂದೇ. ಹೆಸರು ಸರಿಯಿತ್ತು, ತಂದೆ ತಾಯಿ ಸರಿಯಿದ್ದರು, ಅರಬ್ಬಿ ಮೊಹರು ಬೇರೆ. ಮೇಡಂ ಅದನ್ನು ನೋಡಿಕೊಂಡು ರಿಜಿಸ್ಟರಿಗೆ ಬರೆದುಕೊಂಡರು. ಅಲ್ಲಿಂದ ಎಸ್ಸೆಸ್ಸೆಲ್ಸಿಗೆ, ಡಿಪ್ಲೊಮಾಕ್ಕೆ, ಪಾಸ್‌ಪೋರ್ಟಿಗೆ ಆ ದಿನಾಂಕವೇ ನಡೆದುಕೊಂಡು ಬಂತು. ಮಣ್ಣಿನಲ್ಲಿದ್ದ ನನ್ನಕ್ಕ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದಳು.

ನನಗೆ ಇದು ತಿಳಿದದ್ದು ಹನ್ನೊಂದನೇ ವಯಸ್ಸಿನಲ್ಲಿ. ಪ್ರತಿ ಜುಲೈಯಲ್ಲೂ ಒಂದು ದಿನ ಅಮ್ಮಿ ಖೀರು ಮಾಡಿ, ಓಣಿಯ ಎಳೆಕೂಸುಗಳನ್ನು ಹುಡುಕಿ ಬಾಯಿಗೆ ಇಷ್ಟಿಷ್ಟು ಇಟ್ಟು ಬರುತ್ತಿದ್ದರು. ತೀರಿಕೊಂಡವರ ಹೆಸರು ಹೇಳಿ ಫಾತಿಹಾ ಓದಿಸುವಾಗ ಅದು ನನ್ನ ಹೆಸರಾಗಿರುತ್ತಿತ್ತು. ನನ್ನ ಹೆಸರಿಗೇಕೆ ಫಾತಿಹಾ ಎಂದು ಆ ವರ್ಷ ಕೇಳಿದೆ, ಹೇಳಿದರು. ಅವತ್ತಿನಿಂದ ಅಮ್ಮಿ ಅಡುಗೆಮನೆಯಿಂದ “ಅತೀಕಾ” ಎಂದು ಕೂಗಿದರೆ ನಾನು ತಕ್ಷಣ ಓಗೊಡುವುದಿಲ್ಲ. ಇನ್ನೊಬ್ಬಳು ಎದ್ದು ಹೋಗಲಿ ಎಂದು ಒಂದು ಕ್ಷಣ ಕಾಯುತ್ತೇನೆ. ಇದು ಹುಚ್ಚೆಂದು ಗೊತ್ತು. ಮೂವತ್ತು ದಾಟಿದರೂ ಬಿಟ್ಟಿಲ್ಲ. ಅವಳು ನನಗಿಂತ ದೊಡ್ಡವಳು, ಅವಳಿಗೆ ಏಳೇ ತಿಂಗಳು, ಎರಡೂ ನಿಜ. ಇದನ್ನು ನಿಮ್ಮ ನಮೂನೆಯ ಯಾವ ಕಾಲಮಿನಲ್ಲಿ ತುಂಬಬೇಕಿತ್ತು?

ನಿಮ್ಮ ಪತ್ರವನ್ನು ಶಿವಮೊಗ್ಗದ ವೀಸಾ ಕನ್ಸಲ್ಟೆಂಟ್ ಲಕ್ಷ್ಮೀಕಾಂತ ಅವರಿಗೆ ತೋರಿಸಿದೆ. ಅವರು ಒಂದಿಷ್ಟೂ ಗಾಬರಿಯಾಗಲಿಲ್ಲ. “ಏನಿಲ್ಲ ಮೇಡಂ, ಯುದ್ಧದಲ್ಲಿ ಅಲ್ಲಿ ರೆಕಾರ್ಡೆಲ್ಲ ಏರುಪೇರಾಗಿದೆ, ಇದು ತಪ್ಪು ಎಂಟ್ರಿ ಅಂತ ನಿಮ್ ತಾಯಿ ಕೈಲಿ ಒಂದು ಅಫಿಡವಿಟ್ ಹಾಕ್ಸಿಬಿಡೋಣ. ಆ ಮಗು ಸಾಯ್ಲೇ ಇಲ್ಲ, ಇವಳೇ ಅದು ಅಂತ. ಯಾರು ಅಗೆದು ನೋಡಕ್ ಹೋಗ್ತಾರೆ?” ಎಂದು ಛಾಪಾ ಕಾಗದದ ಮೇಲೆ ಟೈಪು ಮಾಡಿಸಿಯೂ ಕೊಟ್ಟರು. ಜಮ್ಶೀದ್ ಫೋನಿನಲ್ಲಿ, “ಸೈನ್ ಹಾಕ್ಸಿ ಕಳ್ಸಿಬಿಡು ಮಾರಾಯ್ತಿ, ಇನ್ನೆಷ್ಟು ದಿನ ಅಂತ ಫೋನಲ್ಲೇ ಬಾಳೋದು?” ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನಗೂ ಹೋಗುವ ಆಸೆಯಿದೆ, ಇಲ್ಲವೆಂದು ನಾಟಕ ಮಾಡುವುದಿಲ್ಲ.

ಆ ಕಾಗದವನ್ನು ಅಮ್ಮಿಯ ಮುಂದಿಟ್ಟೆ. ಮನೆಯಲ್ಲಿ ನಮ್ಮದು ದಖನಿ ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಿ ಹೇಳಿದ್ದನ್ನು ಪೂರ್ತಿ ಕೇಳಿದರು. ಪೆನ್ನು ತೆಗೆದುಕೊಂಡರು. ನನಗಾಗಿ ಸಹಿ ಹಾಕಿಯೇ ಬಿಡುತ್ತಿದ್ದರೇನೋ. ಆಮೇಲೆ ಪೆನ್ನು ಕೆಳಗಿಟ್ಟು, “ಇದಕ್ಕೆ ಸೈನ್ ಹಾಕಿದ್ರೆ ಅವಳು ಇರ್ಲೇ ಇಲ್ಲ ಅಂತ ಆಗುತ್ತಲ್ಲ?” ಎಂದರು. ಬಳಿಕ ನಿಮ್ಮ ಪತ್ರವನ್ನು ತಿರುಗಿಸಿ ನೋಡುತ್ತಾ ಕೇಳಿದರು: “ದಫನ್ ಮಾಡಿದ ಕಾಗದ ಅವ್ರ ಹತ್ರ ಇದೆ ಅಂದ್ಯಲ್ಲ, ಅದ್ರಲ್ಲಿ ಜಾಗ ಬರ್ದಿದಾರಾ?”

ಅಬ್ಬಾ ಇದ್ದಾಗ ಅಮ್ಮಿ ಈ ಪ್ರಶ್ನೆಯನ್ನು ಅವರಿಗೆ ಎಷ್ಟು ಸಲ ಕೇಳಿದ್ದರೋ. “ಗೋಡೆ ಪಕ್ಕ, ಮೂರನೇದೋ ನಾಲ್ಕನೇದೋ ಸಾಲು” ಎನ್ನುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅಬ್ಬಾ ಹೋದರು, ಜೊತೆಗೆ ಆ ಗೋಡೆಯೂ ಹೋಯಿತು. ಹೀಗಿರುವಾಗ ಸಾವಿರಾರು ಮೈಲಿ ದೂರದ ನಿಮ್ಮ ಕಚೇರಿ, ನಮ್ಮನ್ನು ಸುಳ್ಳುಗಾರರೆಂದು ಹಿಡಿಯಲು ಹೊರಟು, ನನ್ನಕ್ಕನನ್ನು ಹುಡುಕಿಬಿಟ್ಟಿದೆ. ನಾವು ಮೂವತ್ತೈದು ವರ್ಷ ಮಾಡಲಾಗದ್ದನ್ನು ನೀವು ಆರು ವಾರದಲ್ಲಿ ಮಾಡಿದಿರಿ. ನಿಮ್ಮನ್ನು ಬೈಯಬೇಕೋ ಕೈ ಮುಗಿಯಬೇಕೋ ತಿಳಿಯುತ್ತಿಲ್ಲ.

ಆದ್ದರಿಂದ ನನ್ನ ಹೇಳಿಕೆ: ನಾನು ಸಲ್ಲಿಸಿದ ಜನನ ಪ್ರಮಾಣಪತ್ರ ನನ್ನದಲ್ಲ. ಅದರ ಒಡತಿ ನೀವು ಹೇಳಿದ ದಿನವೇ ತೀರಿಕೊಂಡಿದ್ದಾಳೆ. ಆ ದಿನಾಂಕ ಹೊತ್ತ ನನ್ನ ಪಾಸ್‌ಪೋರ್ಟೂ ತಪ್ಪು. ಅದಕ್ಕೆ ನನ್ನ ಸರ್ಕಾರಕ್ಕೆ ನಾನೇ ಉತ್ತರ ಕೊಡುತ್ತೇನೆ. ಈ ಮಾತು ಬರೆದ ಮೇಲೆ ನೀವು ಅರ್ಜಿಯನ್ನು ಏನು ಮಾಡುತ್ತೀರೆಂದು ನನಗೂ ಗೊತ್ತು, ಜಮ್ಶೀದ್‌ಗೂ ಗೊತ್ತು. ಅವರು ನಾಲ್ಕು ದಿನದಿಂದ ಫೋನ್ ಮಾಡಿಲ್ಲ. ಅಫಿಡವಿಟ್ಟು ಸಹಿಯಿಲ್ಲದೆ ಕಪಾಟಿನಲ್ಲಿದೆ.

ನನ್ನ ಬೇಡಿಕೆ ಒಂದೇ. ಅರ್ಜಿಯನ್ನು ತಿರಸ್ಕರಿಸುವುದಿದ್ದರೆ ತಿರಸ್ಕರಿಸಿ, ಆದರೆ ಕಡತ ಮುಚ್ಚುವ ಮೊದಲು ಆ ದಫನದ ಹಾಳೆಯ ಒಂದು ಪ್ರತಿಯನ್ನು ನಮ್ಮ ವಿಳಾಸಕ್ಕೆ ಕಳುಹಿಸಿ. ಅದಕ್ಕೆ ಮೊಹರು ಬೇಡ, ಅನುವಾದವೂ ಬೇಡ. ಸಾಲಿನ ಸಂಖ್ಯೆ, ಗೋರಿಯ ಸಂಖ್ಯೆ ಓದುವ ಹಾಗಿದ್ದರೆ ಸಾಕು. ಅಮ್ಮಿಗೆ ಎಪ್ಪತ್ತೊಂದು. ಅಂಚೆಯವನ ಸೈಕಲ್ ನಮ್ಮ ಓಣಿಗೆ ಹನ್ನೊಂದಕ್ಕೆ ಬರುತ್ತದೆ, ಅವರು ಹತ್ತಕ್ಕೇ ಮೆಟ್ಟಿಲ ಮೇಲೆ ಕೂತಿರುತ್ತಾರೆ.

ಇಂತಿ,
ನಿಮ್ಮ ಕಡತದಲ್ಲಿರುವ ಅತೀಕಾಳ ತಂಗಿ,
ಅತೀಕಾ
ನ್ಯೂ ಟೌನ್, ಭದ್ರಾವತಿ