ಅರ್ಧ ರಿಪೇರಿಯ ಗಾಡಿ

ರೀ,

ಡ್ಯೂಟಿಗೆ ಹೊರಟೆ. ಬೈಕಿನ ಕೀ ಹುಡುಕಬೇಡಿ, ನನ್ನ ಬ್ಯಾಗಲ್ಲಿದೆ. ನಿಮ್ಮಣ್ಣ ಆಟೋ ತರ್ತಾರೆ, ತಕರಾರು ಮಾಡದೆ ಹತ್ತಿ ಆಸ್ಪತ್ರೆಗೆ ಹೋಗಿ. ವಾಂತಿ ಮಾತ್ರೆ ಮೇಜಿನ ಮೇಲಿದೆ. ಟೋಪಿ ಮರೀಬೇಡಿ, ಆ ಬೋಳುತಲೆಯ ಹೊಳಪಿಗೆ ಎದುರು ಬರೋರಿಗೆ ದಾರಿ ಕಾಣಲ್ಲ.

ನಿನ್ನೆ ಊಟಕ್ಕೆ ಕೂತಾಗ ಏನಂದ್ರಿ? "ಕ್ಯಾನ್ಸರ್ ಬಂದ ವೃಷಣ ತೆಗೆಸಿದ್ದಾಯ್ತು, ರಕ್ತದ ರಿಪೋರ್ಟೂ ಚೆನ್ನಾಗಿದೆ, ಇನ್ನು ಕೊನೇ ಕೀಮೋ ಯಾಕೆ?" ಅಂತ. ಆಪರೇಷನ್ ಗಡ್ಡೆಗೆ, ಕೀಮೋ ಅದರಿಂದ ತಪ್ಪಿಸ್ಕೊಂಡು ಮೈಯೊಳಗೆ ಅಡಗಿರೋ ಚೂರುಗಳಿಗೆ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದಾಗ ದೊಡ್ಡದಾಗಿ ತಲೆಯಾಡಿಸಿದ್ರಲ್ಲ! ಎಂಥ ಮೆಕ್ಯಾನಿಕ್ಕು ನೀವು?

ಬಚ್ಚಲ ಬಾಗಿಲು ನೋಡಿ. ನಿಮ್ಮ ಗ್ಯಾರೇಜಿನ ಬೋರ್ಡನ್ನೇ ತಂದು ನೇತುಹಾಕಿದೀನಿ: "ಸದ್ದು ನಿಂತಿತೆಂದು ಗಾಡಿ ವಾಪಸ್ ಕೇಳಬೇಡಿ. ಕೆಲಸ ಮುಗಿಯದೆ ಕೊಡುವುದಿಲ್ಲ." ನೀವೇ ಪೇಂಟ್ ಮಾಡಿದ ಅಕ್ಷರ. ಗಿರಾಕಿಗಳಿಗೊಂದು ನ್ಯಾಯ, ನಿಮಗೊಂದು ನ್ಯಾಯಾನಾ?

ಮಧ್ಯಾಹ್ನ ನೇರ ವಾರ್ಡಿಗೇ ಬರ್ತೀನಿ. ಡ್ರಿಪ್ ಹಾಕಿಸ್ಕೊಂಡು ಮಲಗಿರಬೇಕು. ಮುಖ ಗಂಟು ಹಾಕ್ಕೊಂಡಿದ್ರೂ ಪರವಾಗಿಲ್ಲ.

ನನಗೆ ಈ ಗಾಡಿ ಬಿಟ್ಟು ಬೇರೆ ಯಾವುದರ ಹಿಂದೆಯೂ ಕೂತು ಅಭ್ಯಾಸವಿಲ್ಲ.