ಕಿಟಕಿ ಮುಚ್ಚುವವರ ಗೀಸರ್

ಭಾನುವಾರ, ಬೆಳಿಗ್ಗೆ

ಪ್ರೀತಿಯ ಸೊಸೆಗೆ,

ಕಾಗದ ಕಂಡ ಕೂಡಲೇ ಮನೆಯಲ್ಲಿ ಏನಾಯಿತೋ ಎಂದು ಗಾಬರಿಯಾಗಬೇಡ. ಗಾಬರಿಪಡುವ ಕೆಲಸವನ್ನೆಲ್ಲ ಇಲ್ಲಿ ನಾನೇ ವಹಿಸಿಕೊಂಡಿದ್ದೇನೆ, ನಿನ್ನ ಪಾಲಿಗೆ ಏನೂ ಉಳಿಸಿಲ್ಲ. ನಿನ್ನ ಮಗಳು ಗುಬ್ಬಿ ಚೆನ್ನಾಗಿದ್ದಾಳೆ. ನಿನ್ನ ಗಂಡನೂ ಚೆನ್ನಾಗಿದ್ದಾನೆ. ನನಗೆ ಮಾತ್ರ ನಿನ್ನೆ ರಾತ್ರಿ ಒಂದು ಕೆಟ್ಟ ಕನಸು ಬಿತ್ತು.

ಕನಸಿನಲ್ಲಿ ನಮ್ಮ ಹೊಸ ಗೀಸರ್ ಬಚ್ಚಲ ಗೋಡೆಯ ಮೇಲೆ ಕೂತು ಕೆಮ್ಮುತ್ತಿತ್ತು. ಥೇಟು ನಿನ್ನ ಮಾವನ ಕೆಮ್ಮು. ನಾನು ಬಟ್ಟೆ ಚೂರು ತಂದು ಅದರ ಬಾಯಿಗೆ ತುರುಕಿದೆ. ಕೆಮ್ಮು ನಿಂತಿತು, ಆದರೆ ಹೊಟ್ಟೆ ಊದತೊಡಗಿತು. ಅದರ ಕೆಳಗೇ ಗುಬ್ಬಿ ಹಾಡು ಹೇಳಿಕೊಂಡು ಸ್ನಾನ ಮಾಡುತ್ತಿದ್ದಳು. ಹಾಡು ಅರ್ಧಕ್ಕೆ ನಿಂತುಹೋಯಿತು. ನಾನು ಹೊರಗಿನಿಂದ ಬಾಗಿಲು ತಳ್ಳುತ್ತೇನೆ, ಅದು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಎಚ್ಚರವಾದ ಮೇಲೆ ಹೋಗಿ ನೋಡಿದರೆ ಮಗು ಹಾಸಿಗೆಯಲ್ಲಿ ಅಡ್ಡಡ್ಡ ಮಲಗಿ ಅಪ್ಪನ ಮುಖದ ಮೇಲೆ ಕಾಲಿಟ್ಟಿತ್ತು. ಆಗ ಹೋದ ಜೀವ ಬಂತು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಗಂಡ ಪಕ್ಕದಲ್ಲಿ ಕೂತು ನಗುತ್ತಾನೆ, ನಾನು ಹೇಳಬೇಕಾದ್ದು ನಗುವ ಮಾತಲ್ಲ. ನಾಲ್ಕನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಒತ್ತು, ದೀರ್ಘ ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಹೋದ ತಿಂಗಳು ನೀನು ಫ್ಯಾಕ್ಟರಿಗೆ ರಜೆ ಹಾಕಿ ಊರಿಗೆ ಬಂದಾಗ ನಾನು ಅಷ್ಟು ಸೆಕೆಯಲ್ಲೂ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದೆ. ಕಾಲು ತಣ್ಣಗಾಗುತ್ತದೆ ಎಂದು ಸಬೂಬು ಹೇಳಿದೆ. ನೀನು ಸರಿ ಅಂದೆ. ಒಗೆಯುವ ಬಟ್ಟೆಯಲ್ಲಿ ಆ ಕಾಲುಚೀಲ ಮುಲಾಮಿನ ಕಲೆಯ ಸಮೇತ ನಿನ್ನ ಕೈಗೆ ಸಿಕ್ಕಿದ್ದು ನನಗೆ ಗೊತ್ತಿದೆ. ಒಲೆಯಿಂದ ಬಚ್ಚಲಿಗೆ ಬಿಸಿನೀರಿನ ಪಾತ್ರೆ ಎತ್ತಿಕೊಂಡು ಹೋಗುವಾಗ ಮಣಿಕಟ್ಟು ಸೋತು ಪಾದದ ಮೇಲೆ ಚೆಲ್ಲಿಕೊಂಡಿದ್ದೆ. ಗುಬ್ಬಿ ನನ್ನ ಬೆನ್ನ ಹಿಂದೆಯೇ ಇದ್ದಳು. ನೀನು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಮರುದಿನ ಬೆಳಿಗ್ಗೆ, “ಚಪ್ಪಲಿ ಹಾಕ್ಕೊಳ್ಳಿ ಅತ್ತೆ, ಗೀಸರ್ ತಗೊಂಡು ಬರೋಣ” ಅಂದೆ, ಅಷ್ಟೆ.

ಆ ಅಂಗಡಿ ನೆನಪಿದೆಯಲ್ಲ? ಬಿಳಿ ಡಬ್ಬಗಳು ಗೋಡೆಯುದ್ದಕ್ಕೂ ಮುನಿಸಿಕೊಂಡ ಬೀಗರ ಹಾಗೆ ಬಿಗುಮಾನದಲ್ಲಿ ಕೂತಿದ್ದವು. ಜೊತೆಗೆ ಬಂದ ನಿನ್ನ ಗಂಡನ ಕಣ್ಣು ಮೊದಲಿನಿಂದಲೂ ಗ್ಯಾಸ್ ಗೀಸರ್ ಮೇಲೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು, ಕರೆಂಟು ಹೋದರೂ ಚಿಂತೆಯಿಲ್ಲ ಎಂದು ಅಂಗಡಿಯವನಿಗಿಂತ ಹೆಚ್ಚು ಅವನೇ ಹೊಗಳಿದ. ಸೋಲಾರ್ ಆಗದು, ತಾರಸಿ ಮೇಲಿನ ಮನೆಯವರದು. ಗೇಣುದ್ದದ ಇನ್‌ಸ್ಟಂಟ್ ಗೀಸರ್ ಒಂದು ಇತ್ತು. ಅದು ಪಾತ್ರೆ ತೊಳೆಯುವುದಕ್ಕಾದೀತು, ಬಕೆಟ್ ತುಂಬಿಸಿಕೊಂಡು ಸ್ನಾನ ಮಾಡುವ ನಮಗೆ ಸಾಲದು ಎಂದು ನೀನೇ ಬೇಡವೆಂದೆ. ಗ್ಯಾಸಿನದು ಒಳಗೆ ಬೆಂಕಿ ಉರಿಸುತ್ತದೆ, ಬಚ್ಚಲೊಳಗೆ ಗಾಳಿಯಾಡದಿದ್ದರೆ ಕಣ್ಣಿಗೆ ಕಾಣದ ವಿಷದ ಹೊಗೆ ತುಂಬಿ ಮನುಷ್ಯ ನಿಂತಲ್ಲೇ ಬೀಳುತ್ತಾನಲ್ಲ ಎಂದು ನೀನು ಕೇಳಿದೆ. ಅದನ್ನು ಹೊರಗೋಡೆಗೆ ಹಾಕೋಣವೆಂದರೆ ನಮಗೆ ಹೊರಗೆ ಜಾಗವೇ ಇಲ್ಲ. ಅಂಗಡಿಯವನು ಅದನ್ನು ದೊಡ್ಡದು ಮಾಡಲಿಲ್ಲ. ಕಿಟಕಿ ತೆಗೆದಿಟ್ಟರೆ ಸಾಕು, ಎಲ್ಲರ ಮನೆಯಲ್ಲೂ ಇದೆ ಅಂದ.

ಆಗಲೇ ನೋಡು ನಿನ್ನ ಗಂಡ ಶುರು ಮಾಡಿದ್ದು. “ಕಿಟಕಿನಾ? ನಮ್ಮಮ್ಮ ಬೀಗದ ತೂತಿಗೇ ಬಟ್ಟೆ ತುರುಕೋಳು. ಹೋದ್ಸಲ ಕೀಲಿನೇ ಒಳಗೆ ಹೋಗ್ದೆ ನಾನು ಬಾಗಿಲಲ್ಲಿ ಭಿಕ್ಷೆಯೋನ ಥರ ನಿಂತಿದ್ದೆ.”

ಅಂಗಡಿಯವನು ನಕ್ಕ. ಗಿರಾಕಿಗಳೂ ತಿರುಗಿ ನೋಡಿದರು. ನಾನು ನೆಲ ನೋಡುತ್ತ ನಿಂತೆ. ಈಗ ನೀನು ನನ್ನ ಕಡೆ ತಿರುಗಿ, ಇನ್ನು ಮೇಲೆ ಕಿಟಕಿ ತೆಗೆದಿಡಿ ಅತ್ತೆ ಅನ್ನುತ್ತೀಯ, ನಾನು ಹೂಂ ಅನ್ನಬೇಕು. ಅಂದರೂ ಎಷ್ಟು ದಿನ? ಒಂದು ಸಂಜೆ ತಂಡಿ ಗಾಳಿ ಬೀಸಿದರೆ ನನ್ನ ಕೈ ನನ್ನನ್ನು ಕೇಳದೆ ಹೋಗಿ ಮುಚ್ಚಿಬಿಡುತ್ತದೆ. ಬಾಗಿಲು ಹಾಕಿಕೊಂಡು ಒಳಗಿರುವವಳು ಗುಬ್ಬಿ. ಇದೇ ನನ್ನ ತಲೆಯಲ್ಲಿ ಓಡುತ್ತಿತ್ತು.

ನೀನು ಅಂದದ್ದು ಬೇರೆ. “ನಮ್ಮನೆ ಬಚ್ಚಲ ಕಿಟಕಿ ಮುಚ್ಚಿರುತ್ತೆ. ಅದು ಹಾಗೇ ಇರ್ಲಿ. ಮುಚ್ಚಿದ ಕಿಟಕಿಗೆ ಒಗ್ಗೋ ಗೀಸರ್ ಯಾವ್ದಿದೆ, ಅದನ್ನ ತೋರ್ಸಿ.”

ಅಂಗಡಿಯವನು ನಗು ನಿಲ್ಲಿಸಿ ನಮ್ಮನ್ನು ಕರೆಂಟಿನ ಗೀಸರ್‌ಗಳ ಕಡೆ ಕರೆದುಕೊಂಡು ಹೋದ. ನೀನು ನೀರು ತುಂಬಿಟ್ಟುಕೊಂಡು ಕಾಯಿಸುವ ಕರೆಂಟಿನದನ್ನು, ಮೂವರಿಗೆ ಸಾಕಾಗುವಷ್ಟು ದೊಡ್ಡದನ್ನು ಆರಿಸಿದೆ. ಅದಕ್ಕೆ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಗುಬ್ಬಿಯ ಮೈ ಸುಡದಷ್ಟೇ ಕಾಯಲಿ ಎಂದು ಬಿಸಿಯ ತಿರುಗಣೆಯನ್ನು ತಗ್ಗಿಸಿ, ಅಲ್ಲಿಗೆ ನಿನ್ನ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದೆ. ಶಾಕ್ ಹೊಡೆಯದಂತೆ ಅರ್ತಿಂಗ್ ತಂತಿ ಸರಿಯಿದೆಯೇ ಎಂದು ನೋಡದೆ ಸ್ವಿಚ್ ಹಾಕಬಾರದೆಂದು ಗಂಡನಿಗೆ ಹೇಳಿ, ಬಸ್ ಹತ್ತಿ ಹೋದೆ. ನಿನಗೆ ಥ್ಯಾಂಕ್ಸ್ ಅಂತಲೂ ಹೇಳಲಿಲ್ಲ ನಾನು.

ನಿನ್ನ ಮಾವನ ಎದೆಗೆ ತಂಡಿ ಗಾಳಿ ತಾಗಬಾರದೆಂದು ವೈದ್ಯರು ಹೇಳಿದ್ದರು. ಹೊಲಿಗೆಯಲ್ಲಿ ಉಳಿದ ಬಟ್ಟೆ ಚೂರುಗಳನ್ನು ಸಂದುಗೊಂದಿಗೆಲ್ಲ ತುರುಕಲು ಶುರುಮಾಡಿದ್ದು ಆಗ. ನಿನ್ನ ಮಾವ ತೀರಿಹೋದರು, ಆದರೂ ನನ್ನ ಕೈ ನಿಲ್ಲಲಿಲ್ಲ. ಒಂದು ಸಂದನ್ನಾದರೂ ಬಿಟ್ಟೆನೋ, ಅಲ್ಲಿಂದಲೇ ಏನೋ ಒಳಗೆ ಬಂತೋ ಎಂದು ಇವತ್ತಿಗೂ ಮನಸ್ಸು ಹುಡುಕುತ್ತದೆ. ಇದನ್ನು ಬಿಡಿಸಲು ಮಗ ನಕ್ಕು ನೋಡಿದ, ನನ್ನ ತಂಗಿ ಬೈದು ನೋಡಿದಳು. ನಾನು ಬೇರೆಯವರ ಮೈ ಅಳತೆ ತೆಗೆದು ಹೊಲಿಯುವವಳು. ನನ್ನ ಹೆದರಿಕೆಯ ಅಳತೆ ತೆಗೆದು, ಅದಕ್ಕೆ ಸರಿಯಾಗಿ ಕೂರುವಂಥದ್ದನ್ನು ತಂದುಕೊಟ್ಟವಳು ನೀನೊಬ್ಬಳೇ. ನಿನ್ನ ಹೊಟ್ಟೆ ತಣ್ಣಗಿರಲಿ.

ಪಾದ ವಾಸಿಯಾಗಿದೆ, ಹೊಸ ಚರ್ಮ ಬಂದಿದೆ. ಈಗ ಬೆಳಿಗ್ಗೆ ನಾನು ಬಚ್ಚಲ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಬಟ್ಟೆಗೆ ಗುಂಡಿ ಹೊಲಿಯುತ್ತೇನೆ. ಒಳಗೆ ಗುಬ್ಬಿ ಹಾಡುತ್ತಾಳೆ. ಹಾಡು ನಿಂತರೆ ನಾನು “ಏನಾಯ್ತೇ?” ಅನ್ನುತ್ತೇನೆ. “ಕಿವಿ ತೊಳೀತಿದೀನಿ ಅಜ್ಜಿ” ಅನ್ನುತ್ತಾಳೆ. ಮತ್ತೆ ಹಾಡು.

ಹೊತ್ತು ಹೊತ್ತಿಗೆ ಊಟ ಮಾಡು.

ಇಂತಿ,
ನಿನ್ನ ಅತ್ತೆ

ಮತ್ತೊಂದು ಮಾತು: ಗೀಸರ್‌ನ ಅಡಿಯಲ್ಲಿ, ತಣ್ಣೀರಿನ ಪೈಪಿನ ಹತ್ತಿರ, ಹಿತ್ತಾಳೆಯ ಒಂದು ಪುಟ್ಟ ಬಾಯಿ ಇದೆ. ನೀರು ಕಾಯುವಾಗ ಅಲ್ಲಿಂದ ತೊಟ್ಟಿಕ್ಕುತ್ತದೆ. ಹಾಕಲು ಬಂದ ಫಿಟ್ಟರ್ ಅದನ್ನು ತೋರಿಸಿ, “ಅಮ್ಮಾ, ಇದರ ಬಾಯಿ ಮಾತ್ರ ಮುಚ್ಚ...” ಎನ್ನುತ್ತಲೇ ಡ್ರಿಲ್ ಒತ್ತಿದ. ಮಾತಿನ ಬಾಲ ಆ ಸದ್ದಿನಲ್ಲಿ ಮುಳುಗಿಹೋಯಿತು. ಮತ್ತೆ ಕೇಳಲು ಸಂಕೋಚವಾಗಿ, ತಿಳಿಯಿತು ಅನ್ನುವ ಹಾಗೆ ತಲೆಯಾಡಿಸಿದೆ. ನಿನ್ನೆ ಸಂಜೆ ಹೂವಿನ ಬಟ್ಟೆಯ ಚೂರೊಂದನ್ನು ಉಂಡೆ ಮಾಡಿಕೊಂಡು ಸ್ಟೂಲು ಹತ್ತಿದ್ದೆ. ಅಂಗಡಿಯಲ್ಲಿ ನೀನು ನನ್ನ ಪರವಾಗಿ ನಿಂತದ್ದು ನೆನಪಾಯಿತು. ನಿನ್ನನ್ನು ಕೇಳದೆ ಮುಚ್ಚುವುದು ಬೇಡವೆನಿಸಿ ಇಳಿದುಬಿಟ್ಟೆ. ಆ ಕನಸು ಬಿದ್ದದ್ದು ಅದೇ ರಾತ್ರಿ. ಈ ಮನೆಯಲ್ಲಿ ನಾನು ಮುಚ್ಚದೆ ಬಿಟ್ಟ ತೂತು ಅದೊಂದೇ. ಕೆಳಗೆ ತಂಬಿಗೆ ಇಟ್ಟಿದ್ದೇನೆ, ನಿನ್ನಿಂದ ಸುದ್ದಿ ಬರುವವರೆಗೆ ತೆರೆದೇ ಇರುತ್ತದೆ. ಅಂಗಡಿಯವನಿಗೆ ಫೋನು ಮಾಡಿ ಸರಿಯಾಗಿ ಕೇಳಿ ಹೇಳು ತಾಯಿ: ಮುಚ್ಚಬೇಕೋ, ಮುಚ್ಚಬಾರದೋ?