ಎಡಗೈ ಎಳೆಯಬೇಡ

ಹಾಸ್ಟೆಲ್ ಕೋಣೆ,
೧೪ ಜೂನ್, ಭಾನುವಾರ

ನನ್ನ ಅಮ್ಮನಿಗೆ ನಿನ್ನ ಬಾಯಿಬಡುಕಿ ಮಗಳ ನಮಸ್ಕಾರ.

ದಿನಾ ಫೋನಿನಲ್ಲಿ ವಟಗುಟ್ಟುವವಳು ಕಾಗದ ಬರೆದಿದ್ದಾಳಲ್ಲ, ಏನು ಗ್ರಹಚಾರವೋ ಎಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಇದನ್ನು ಫೋನಿನಲ್ಲೇ ಹೇಳೋಣವೆಂದು ಮೂರು ಸಲ ನೋಡಿದೆ. ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ.

ಅಜ್ಜಿಗೆ ಪಾರ್ಶ್ವವಾಯು ಬಡಿದು ಎಡಭಾಗದ ಸ್ವಾಧೀನ ಹೋಗಿದೆ ಎಂದು ಮೊನ್ನೆ ನೀನು ಹೇಳಿದಾಗ ನಾನು ಹೊರಟು ಬರುತ್ತೇನೆ ಎಂದೆ. ಅದಕ್ಕೆ ನೀನು, "ನೀನ್ ಬಂದು ಏನೇ ಮಾಡ್ತೀಯ? ನಿನ್ ಪರೀಕ್ಷೆ ನೋಡ್ಕೋ. ನಿಮ್ಮಪ್ಪನ್ನ ಎರಡು ವರ್ಷ ಎಬ್ಬಿಸಿ ಕೂರಿಸಿದವಳು ನಾನು, ನಂಗೇನ್ ಹೊಸದಾ?" ಅಂದೆ. ಆ ಮಾತು ಕೇಳಿದ ಮೇಲೆಯೇ ಈ ಕಾಗದ ಬರೆಯಲು ಕೂತೆ.

ಅಮ್ಮಾ, ಅಜ್ಜಿಯ ಎಡಗೈ ಹಿಡಿದು ಎಳೆದು ಎಬ್ಬಿಸಬೇಡ. ಈ ಕಾಗದದಲ್ಲಿ ಬೇರೇನೂ ಓದದಿದ್ದರೂ ಇದೊಂದನ್ನು ಓದು.

ಯಾಕೆ ಅಂತಲೂ ಹೇಳಬೇಕಲ್ಲ. ಫಿಸಿಯೋಥೆರಪಿ ಓದು ಈಗ ಅರ್ಧ ಮುಗಿದಿದೆ. ಮೊದಲ ವರ್ಷ ಎಲುಬುಗಳ ಹೆಸರು ಉರು ಹೊಡೆಯುತ್ತ ನಿನ್ನ ಬೆನ್ನ ಮೇಲೆಲ್ಲ ಬೆರಳಿಡುತ್ತಿದ್ದೆನಲ್ಲ, ನೀನು ಕಚಗುಳಿ ತಾಳದೆ ಹೊಲಿಗೆ ಮಿಷನ್ ಬಿಟ್ಟು ಎದ್ದು ಓಡುತ್ತಿದ್ದೆ. ಆ ಸುಖದ ಕಾಲ ಮುಗಿಯಿತು. ಈ ವರ್ಷ ವಾರ್ಡಿಗೆ ಬಿಟ್ಟಿದ್ದಾರೆ. ಮೊದಲ ದಿನವೇ ಒಬ್ಬ ಮುದುಕರನ್ನು ಮಂಚದಿಂದ ಎಬ್ಬಿಸಲು ಹೇಳಿದರು. ಉಳಿದವರೆಲ್ಲ ಹಿಂದೆ ಸರಿದರು. ನಾನೋ ಮನೆಯಲ್ಲೇ ಕಲಿತವಳು! ಜಂಬದಿಂದ ಮುಂದೆ ಹೋಗಿ, ಥೇಟ್ ನಿನ್ನ ಹಾಗೆ, ಅವರ ಸ್ವಾಧೀನವಿಲ್ಲದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು, ಎರಡು ಎಂದು ಎಣಿಸಿದೆ. ಮೂರು ಅನ್ನುವಷ್ಟರಲ್ಲಿ ಮೇಡಂ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

ನಾವು ಅವರಿಗೆ ಗಡಸು ಮೇಡಂ ಎಂದು ಹೆಸರಿಟ್ಟಿದ್ದೇವೆ. ಅವತ್ತು ಅವರು ಬೈಯಲಿಲ್ಲ. ನನ್ನ ಬೆರಳನ್ನು ಮುದುಕರ ಹೆಗಲ ಮೇಲೆ ಇಟ್ಟು ತೋರಿಸಿದರು. ಎಲುಬಿಗೂ ಎಲುಬಿಗೂ ನಡುವೆ ನನ್ನ ಬೆರಳು ಕೂರುವಷ್ಟು ಹಳ್ಳ. ಸ್ನಾಯು ಸೋತ ಮೇಲೆ ತೋಳಿನ ಭಾರಕ್ಕೇ ಕೀಲು ಜಾರುತ್ತದಂತೆ. ಅದನ್ನು ಹಿಡಿದು ಎಳೆದರೆ ಒಳಗೆ ಹರಿಯುತ್ತದಂತೆ. "ಈ ಕೈನ ಎಳೀಬಾರದು ಕಣಮ್ಮ. ಯಾರು ಕಲಿಸಿದ್ರು ನಿಂಗೆ?" ಎಂದು ಕೇಳಿದರು. ಯಾರೂ ಇಲ್ಲ ಮೇಡಂ ಅಂದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಪ್ಪನ ಎಡ ಹೆಗಲಲ್ಲೂ ಆ ಹಳ್ಳ ಇತ್ತು ಅಮ್ಮಾ. ಎಣ್ಣೆ ಹಚ್ಚುವಾಗ ನನ್ನ ಬೆರಳಿಗೆ ಸಿಗುತ್ತಿತ್ತು. ಸೊರಗಿದ್ದಾರೆ, ಅದಕ್ಕೇ ಎಂದುಕೊಂಡಿದ್ದೆವು. ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚಿದರೆ ನೀನು ಥಂಡಿ ಅನ್ನುತ್ತಿದ್ದೆ.

ಇದರಲ್ಲಿ ನಿನ್ನ ತಪ್ಪಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಮಾತ್ರೆ ಚೀಟಿ ಕೊಟ್ಟರೇ ಹೊರತು ಎಬ್ಬಿಸುವುದು ಹೇಗೆಂದು ಯಾರೂ ತೋರಿಸಲಿಲ್ಲ. ಅಪ್ಪನಾದರೂ ಒಂದು ದಿನವೂ ಬಾಯಿಬಿಟ್ಟು ನೋವು ಅನ್ನಲಿಲ್ಲ. ನೋಡಲು ಬಂದವರೆದುರು, "ಇವಳು ನನ್ ಕೈ ಹಿಡಿದ ದಿನದಿಂದ ಎಳೀತಾನೇ ಇದಾಳೆ" ಎಂದು ನಗುತ್ತಿದ್ದರು. ನೀನು ನಾಚಿಕೊಂಡು ಇನ್ನೂ ಜೋರಾಗಿ ಎಳೆಯುತ್ತಿದ್ದೆ. ನಿನಗೆ ಹೇಗೆ ಗೊತ್ತಾಗಬೇಕು?

ಈಗ ಕೇಳು. ಅಜ್ಜಿಯನ್ನು ಮೊದಲು ಬಲ ಮಗ್ಗುಲಿಗೆ ಹೊರಳಿಸು. ಕಾಲೆರಡನ್ನೂ ಮಂಚದಿಂದ ಕೆಳಗಿಳಿಸು. ಒಂದು ಕೈ ಬೆನ್ನ ಹಿಂದೆ, ಒಂದು ಕೈ ಸೊಂಟಕ್ಕೆ ಕೊಟ್ಟು ಎತ್ತು. ಕೂತಾಗ ಎಡ ತೋಳಿನ ಕೆಳಗೆ ದಿಂಬಿಡು, ಕೈ ಜೋತಾಡಲು ಬಿಡಬೇಡ. ನಿಲ್ಲಿಸುವಾಗ ಹಿಡಿಯಲು ಸೊಂಟಕ್ಕೊಂದು ಅಗಲವಾದ ಪಟ್ಟಿ ಬೇಕು. ಬೀರುವಿನಲ್ಲಿ ಅಪ್ಪನ ಬೂದು ಪ್ಯಾಂಟ್ ಇಟ್ಟಿದ್ದೀಯಲ್ಲ, ಅದರ ಬಟ್ಟೆ ಗಟ್ಟಿ. ಎರಡು ಪದರ ಮಾಡಿ ಹೊಲಿ. ಅದನ್ನು ಕತ್ತರಿಸು ಎಂದು ಹೇಳಲು ನನಗೂ ಸಂಕಟವೇ.

ಇದನ್ನು ಓದಿ ನೀನು ಅಜ್ಜಿಯನ್ನು ಮುಟ್ಟಲೇ ಹೆದರುತ್ತೀಯೇನೋ ಎಂಬುದೊಂದೇ ನನ್ನ ಭಯ. ಹಾಗೆ ಮಾಡಬೇಡ ಅಮ್ಮಾ. ಅಜ್ಜಿಗೆ ನಿನ್ನ ಬಿಟ್ಟರೆ ಯಾರಿದ್ದಾರೆ? ಪರೀಕ್ಷೆ ಮುಗಿದ ಮರುದಿನವೇ ಬರುತ್ತೇನೆ.

ಅರ್ಧ ಮಾತ್ರ ಕಲಿತಿರುವ,
ನಿನ್ನ ಮಗಳು

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಪ್ಪ ನೋವು ಅಂದಿದ್ದರು, ನನ್ನ ಹತ್ತಿರ. ಕಾಯಿಲೆ ಬಿದ್ದ ಮೊದಲ ವರ್ಷ, ನೀನು ದಾರ ತರಲು ಅಂಗಡಿಗೆ ಹೋಗಿದ್ದಾಗ. ಅಮ್ಮನಿಗೆ ಹೇಳುತ್ತೇನೆ ಎಂದು ಎದ್ದೆ. "ಬೇಡ ಮಗಾ. ಆ ಕೈಗೆ ಬಿಸಿ ಗೊತ್ತಾಗಲ್ಲ, ತಣ್ಣಗಿರೋದೂ ಗೊತ್ತಾಗಲ್ಲ. ನಿಮ್ಮಮ್ಮ ಹಿಡ್ಕೊಂಡಾಗ ಮಾತ್ರ ನನ್ ಕೈ ಇನ್ನೂ ಇದೆ ಅಂತ ಗೊತ್ತಾಗತ್ತೆ," ಅಂದರು. ನಾನು ಹೇಳಲಿಲ್ಲ. ಅವರು ಹೋಗುವವರೆಗೂ ಹೇಳಲಿಲ್ಲ. ಬೈಯುವುದಿದ್ದರೆ ನನ್ನನ್ನು ಬೈ. ಅಜ್ಜಿಯ ಕೈಯನ್ನು ಎಳೆಯಬಾರದು ಅಷ್ಟೆ. ಸುಮ್ಮನೆ ಹಿಡಿದುಕೊಂಡು ಕೂತರೆ ಏನೂ ಆಗುವುದಿಲ್ಲ, ಮೇಡಂ ಅವರನ್ನು ಕೇಳಿದ್ದೇನೆ.